ಬೀದಿಗಳಿಗೆ ಓದಿ ಹೇಳಿದ ತೀರ್ಪು

ನಮ್ಮೂರಿನ ಬೀದಿಗಳು ಕೋರ್ಟಿನ ಮಾತು ಕೇಳುತ್ತವೆ. ಹೆಂಡತಿಯ ಮೇಲೋ ತಾಯಿಯ ಮೇಲೋ ಕೈ ಮಾಡಿದವನ ವಿರುದ್ಧ ಕೋರ್ಟು ರಕ್ಷಣೆಯ ಆದೇಶ ಹೊರಡಿಸಿತು ಎನ್ನಿ. ದಫೇದಾರ್ ಗುರುಬಸಪ್ಪ ಬಿಳಿ ಅಂಗಿಯ ಮೇಲೆ ಕೆಂಪು ಪಟ್ಟಿ ಹಾಕಿಕೊಂಡು, ಕೋರ್ಟಿನ ಮೆಟ್ಟಿಲ ಮೇಲೆ ನಿಂತು, ಅದನ್ನು ಗಟ್ಟಿಯಾಗಿ ಓದುತ್ತಾನೆ. ಅಲ್ಲಿಂದಾಚೆಗೆ ಆ ಮನುಷ್ಯ ಆ ಮನೆಯ ಕಡೆಗೆ ಎಷ್ಟು ನಡೆದರೂ ಬೀದಿ ಅವನನ್ನು ಅಲ್ಲಿಗೆ ಮುಟ್ಟಿಸುವುದಿಲ್ಲ. ತಿರುವು ದಾಟಿದರೆ ಮನೆ ಸಿಗಬೇಕು; ಅವನಿಗೆ ಸಿಗುವುದು ಊರಾಚೆಯ ಕುರಿ ಸಂತೆಯ ಮೈದಾನ. ಕುರಿ ವ್ಯಾಪಾರಿಗಳಿಗೆ ಇದು ರೂಢಿಯಾಗಿಬಿಟ್ಟಿದೆ. ಇದ್ದಕ್ಕಿದ್ದಂತೆ ಬಂದು ಕಣ್ಣು ಕಣ್ಣು ಬಿಡುತ್ತ ನಿಂತವನ ಕೈಗೆ ಒಂದು ಹಗ್ಗ ಕೊಟ್ಟು, "ಬಂದ್ಯಾ? ಸ್ವಲ್ಪ ಹಿಡ್ಕೊ ಇದನ್ನ" ಎನ್ನುತ್ತಾರೆ. ಪಕ್ಕದಲ್ಲಿ ಮಾತಾಡುತ್ತ ಬರುತ್ತಿದ್ದ ಸ್ನೇಹಿತ ಮಾತ್ರ ತಿರುವಿನಲ್ಲಿ ಒಬ್ಬನೇ ಉಳಿದು, ಅರ್ಧ ಮಾತನ್ನು ನುಂಗಿಕೊಂಡು ಮನೆಗೆ ಹೋಗುತ್ತಾನೆ. ಪರ ಊರಿನಿಂದ ಬಂದವರು ಇದೆಲ್ಲ ಹೇಗೆ ಸಾಧ್ಯ ಎಂದು ಕೇಳುವುದುಂಟು. ನಿಮ್ಮ ಊರಿನಲ್ಲಿ ಹೇಗೆ ಮಾಡುತ್ತೀರಿ ಎಂದು ನಾವು ತಿರುಗಿ ಕೇಳುತ್ತೇವೆ. ಅವರು ಮಾತು ಬದಲಿಸಿ ಬಸ್ಸಿನ ಹೊತ್ತು ವಿಚಾರಿಸುತ್ತಾರೆ.

ನಾನು ಅನಸೂಯಮ್ಮ. ಮೂವತ್ತೊಂದು ವರ್ಷ ಪ್ರೈಮರಿ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತಳಾದವಳು. ಇವತ್ತಿಗೂ ಊರಿನ ಅರ್ಧ ಗಂಡಸರು ನನ್ನನ್ನು ಕಂಡರೆ ಬೀಡಿಯನ್ನು ಬೆನ್ನ ಹಿಂದೆ ಹಿಡಿಯುತ್ತಾರೆ. ಹುಣಸೆಮರದ ಬೀದಿಯ ಇಪ್ಪತ್ತೇಳನೇ ನಂಬರಿನ ಮನೆ ನನ್ನದು, ನನ್ನ ಸಂಬಳದಲ್ಲಿ ಕಟ್ಟಿಸಿದ್ದು. ಗಂಡ ತೀರಿಹೋಗಿ ಬಹಳ ವರ್ಷವಾಯಿತು. ಮನೆಯಲ್ಲಿ ನಾನು, ನನ್ನ ಒಬ್ಬನೇ ಮಗ ಪಾಲಾಕ್ಷ, ಸೊಸೆ ಇಂದ್ರಾಣಿ, ಮೂರೇ ಜನ. ಪಾಲಾಕ್ಷ ಲಾರಿ ಬುಕಿಂಗ್ ಆಫೀಸಿನಲ್ಲಿ ಗುಮಾಸ್ತ. ಇಂದ್ರಾಣಿ ಊರಿಗೆ ಕಾಗದ ಹಂಚುವ ಅಂಚೆಯವಳು. ಇಲಾಖೆಯವರು ಅವಳಿಗೆ ಸೈಕಲ್ ಕೊಟ್ಟಿದ್ದರು. ಅವಳು ಅದನ್ನು ಹತ್ತುತ್ತಿರಲಿಲ್ಲ, ತಳ್ಳಿಕೊಂಡೇ ಹೋಗುತ್ತಿದ್ದಳು. "ಹತ್ತಿದ್ರೆ ಮಾತು ತಪ್ಪೋಗುತ್ತೆ ಅತ್ತೆ" ಎನ್ನುತ್ತಿದ್ದಳು. ಕಣ್ಣು ಮಂಜಾದವರಿಗೆ ಕಾಗದ ಓದಿ ಹೇಳಿ, ಅವರು ಹೇಳಿದ್ದನ್ನು ಬರೆದುಕೊಟ್ಟು, ಯಾರ ಮಗಳಿಗೆ ಹೆರಿಗೆಯಾಯಿತು, ಯಾರ ಮಗ ಪರೀಕ್ಷೆಯಲ್ಲಿ ಪಾಸಾದ ಎಂಬುದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಎರಡು ಹೊತ್ತು ಊರು ಸುತ್ತುತ್ತಿದ್ದಳು.

ಸಂಜೆ ಆಫೀಸಿನಿಂದ ಬಂದ ಕೂಡಲೇ ನನ್ನ ಮಗ ಅವಳನ್ನು ಕೇಳುತ್ತಿದ್ದ: "ಇವತ್ತು ಎಷ್ಟು ಬಾಗ್ಲು ತಟ್ಟಿದೆ?" ಮೊದಮೊದಲು ತಮಾಷೆ ಎಂದುಕೊಂಡೆ. ಆಮೇಲೆ ಯಾವ ಬಾಗಿಲಲ್ಲಿ ಎಷ್ಟು ಹೊತ್ತು ನಿಂತೆ, ಯಾರು ನೀರು ಕೊಟ್ಟರು, ಯಾಕೆ ಕುಡಿದೆ ಎಂದು ಶುರುವಾಯಿತು. ಆಮೇಲೆ ಮಾತು ನಿಂತು ಬೇರೆ ಸದ್ದು ಕೇಳತೊಡಗಿತು. ಗೋಡೆಯಾಚೆ ಸದ್ದಾದಾಗ ನಾನು ರೇಡಿಯೋ ಜೋರು ಮಾಡಿದ್ದೇನೆ. ಇದನ್ನು ಬರೆಯದೆ ಮುಂದಿನದನ್ನು ಬರೆಯುವ ಹಕ್ಕು ನನಗಿಲ್ಲ. ಗಂಡಸು, ಸಿಟ್ಟು ಜಾಸ್ತಿ, ಒಂದು ಮಗುವಾದರೆ ಸರಿಹೋಗುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗೆ ನಾಲ್ಕು ವರ್ಷ ಕಳೆದವು. ಒಂದು ಭಾನುವಾರ ಬೆಳಿಗ್ಗೆ ಅವನು ಅವಳ ಎಡಗೈಯನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲನ್ನು ಎಳೆದು ಮುಚ್ಚಿದ. ಆ ಸದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. ಅದನ್ನು ಮುಚ್ಚುವಷ್ಟು ಜೋರಾದ ರೇಡಿಯೋ ಯಾವುದೂ ಇಲ್ಲ.

ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿಕೊಂಡು ಹೊರಗೆ ಬಂದಾಗ ನಾನು ಮನೆಯ ದಾರಿ ಹಿಡಿಯಲಿಲ್ಲ. ವಕೀಲೆ ಫಿಲೋಮಿನಾ ಅವರ ಮನೆ ಕಡೆಗೆ ತಿರುಗಿದೆ. ಇಂದ್ರಾಣಿ ನಡು ಬೀದಿಯಲ್ಲಿ ನಿಂತಳು.

"ಅತ್ತೆ, ಅವ್ರು ನಿಮ್ಮ ಮಗ."

"ಗೊತ್ತು ಕಣೇ. ಹೆತ್ತಿದ್ದು ನಾನೇ ತಾನೆ. ಬಾ."

ಹದಿನೈದು ದಿನದಲ್ಲಿ ಆದೇಶ ಬಂತು. ಗುರುಬಸಪ್ಪ ಓದಿದ: ಪಾಲಾಕ್ಷ ಎಂಬುವನು ಹುಣಸೆಮರದ ಬೀದಿಯ ಇಪ್ಪತ್ತೇಳನೇ ನಂಬರಿನ ಮನೆಗೆ ಹೋಗತಕ್ಕದ್ದಲ್ಲ. ಆ ಸಂಜೆ ನನ್ನ ಮಗ ಎಂದಿನಂತೆ ಆಫೀಸಿನಿಂದ ಹೊರಟು, ನಮ್ಮ ಬೀದಿಯ ತಿರುವಿಗೆ ಬಂದು, ಕುರಿ ಸಂತೆಯಲ್ಲಿ ಹೋಗಿ ನಿಂತ. ಏಳು ಸಲ ಪ್ರಯತ್ನಪಟ್ಟನಂತೆ. ಕೊನೆಗೆ ಎಣ್ಣೆ ಗಾಣದ ಹಿಂದೆ ಒಂದು ರೂಮು ಹಿಡಿದ.

ಆದರೆ ಆದೇಶ ಇದ್ದದ್ದು ಮನೆಯ ನಂಬರಿಗೆ. ಇಂದ್ರಾಣಿಯ ಕೆಲಸವಿದ್ದದ್ದು ಬೀದಿಯಲ್ಲಿ. ಅವನು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಕಾಯತೊಡಗಿದ. ಫಿಲೋಮಿನಾ ಮತ್ತೆ ಅರ್ಜಿ ಹಾಕಿದರು, ಅಂಚೆ ಕಚೇರಿಯ ನಂಬರು ಸೇರಿತು. ಅವನು ರೇಷನ್ ಅಂಗಡಿಯಲ್ಲಿ ಕಾದ. ಆ ನಂಬರೂ ಸೇರಿತು. ಆಸ್ಪತ್ರೆ, ಹಿಟ್ಟಿನ ಗಿರಣಿ, ಇಂದ್ರಾಣಿಯ ತವರುಮನೆ... ಒಟ್ಟು ಒಂಬತ್ತು ನಂಬರುಗಳಾದವು. ಆಗ ಅವನಿಗೆ ಹೊಳೆಯಿತು, ನಂಬರೇ ಇಲ್ಲದ ಜಾಗಗಳೂ ಊರಿನಲ್ಲಿವೆ ಎಂದು. ಕಾಲುವೆಯ ಸೇತುವೆಗೆ ಯಾವ ನಂಬರು?

ಅಲ್ಲಿ ಅವಳನ್ನು ಹಿಡಿದ. ಕೈಯಿಂದ ಅಂಚೆಚೀಲ ಕಿತ್ತುಕೊಂಡು ನೀರಿನ ಮೇಲೆ ಹಿಡಿದ. ಚೀಲದಲ್ಲಿ ನೂರಾರು ಜನರ ಕಾಗದ. ಅವಳು ಅರ್ಧ ಗಂಟೆ ಅವನೊಡನೆ ಮೆತ್ತಗೆ ಮಾತಾಡಿದಳು, ನಕ್ಕಳು, ಅವನು ಹೇಳಿದ್ದಕ್ಕೆಲ್ಲ ಹೂಂ ಅಂದಳು. ಅರ್ಧ ಗಂಟೆಯ ಮೇಲೆ ಅವನು ಚೀಲವನ್ನು ಕಾಲುವೆಗೆ ಬಿಸಾಡಿ ಹೊರಟುಹೋದ. ಅವಳು ಮೊಣಕಾಲುದ್ದ ನೀರಿಗಿಳಿದು ಸಿಕ್ಕಷ್ಟು ಕಾಗದ ಆರಿಸಿಕೊಂಡು ಬಂದು, ನಮ್ಮ ಮನೆಯ ತಂತಿಯ ಮೇಲೆ ಒಂದೊಂದಾಗಿ ಒಣಗಹಾಕಿದಳು. ಮರುದಿನದಿಂದ ಹೊಸ್ತಿಲು ದಾಟಲಿಲ್ಲ.

ಊರಿನಲ್ಲಿ ಇಂಥ ಆದೇಶವಿದ್ದ ಹೆಂಗಸರು ನಲವತ್ತೊಂದು ಜನ. ಬಹುಪಾಲು ಎಲ್ಲರೂ ಹೀಗೆಯೇ ಇದ್ದರು. ನಂಬರಿನೊಳಗೆ ನೆಮ್ಮದಿ, ಹೊರಗೆ ಭಯ. ಬೀಗ ಹಾಕಬೇಕಾದದ್ದು ಅವರಿಗೆ, ಹಾಕಿದ್ದು ನಮಗೆ ಎಂದು ಹೂವಿನ ಅಂಗಡಿಯ ತಾಯವ್ವ ಒಮ್ಮೆ ಕಿಟಕಿಯಿಂದಲೇ ಹೇಳಿದ್ದಳು. ಅಂಗಡಿ ಅವಳದೇ, ಆದರೆ ಆರು ವರ್ಷದಿಂದ ಅದರಲ್ಲಿ ಕೂರುತ್ತಿದ್ದವಳು ಅವಳ ತಂಗಿ.

ನಮ್ಮ ಪೋಸ್ಟ್‌ಮಾಸ್ತರು ಒಳ್ಳೆಯ ಮನುಷ್ಯ. ಇಂದ್ರಾಣಿಯ ಕೆಲಸ ಹೋಗದಂತೆ, ದಿನಾ ಬೆಳಿಗ್ಗೆ ಅಂಚೆಚೀಲವನ್ನು ನಮ್ಮ ಮನೆಗೇ ಕಳಿಸುತ್ತಿದ್ದರು. ಅವಳು ಬೀದಿವಾರು ವಿಂಗಡಿಸಿ ಕಟ್ಟು ಕಟ್ಟಿಡಬೇಕು, ಕಚೇರಿಯ ಹಳೇ ನೌಕರ ಜಯಣ್ಣ ಒಯ್ದು ಹಂಚಬೇಕು. ಜಯಣ್ಣನಿಗೆ ನಿವೃತ್ತಿಗೆ ಎರಡೇ ವರ್ಷ ಬಾಕಿ, ಕನ್ನಡಕಕ್ಕೆ ಒಂದೇ ಕಿವಿಯ ಕಡ್ಡಿ. ಒಮ್ಮೆ ಮದುವೆಯ ಕಾಗದಗಳನ್ನೆಲ್ಲ ಒಂದು ಬೀದಿ ಆಚೆಗೆ ಹಂಚಿಬಿಟ್ಟ. ಗೊತ್ತು ಪರಿಚಯವಿಲ್ಲದ ಮೂವತ್ತು ಜನ ಹೋಗಿ ಹೋಳಿಗೆ ಊಟ ಮಾಡಿ ಮುಯ್ಯಿ ಓದಿಸಿ ಬಂದರು. ಮದುವೆ ಮನೆಯವರು ಸಂಭ್ರಮದಲ್ಲಿ ಯಾರನ್ನೂ ಏನೂ ಕೇಳಲಿಲ್ಲ. ಆದರೆ ಕಾಗದ ಮುಟ್ಟಲಿಲ್ಲವೆಂದು ಹುಡುಗನ ಸೋದರಮಾವ ಮಾತ್ರ ಇವತ್ತಿಗೂ ಅವರೊಡನೆ ಮಾತಾಡುವುದಿಲ್ಲವಂತೆ.

ಫಿಲೋಮಿನಾ ಸುಮ್ಮನೆ ಕೂರುವವರಲ್ಲ. ಆದೇಶವನ್ನು ಮನೆಯ ನಂಬರಿಗಲ್ಲ, ಇಂದ್ರಾಣಿಯ ಹೆಸರಿಗೇ ಬರೆಯಬೇಕು ಎಂದು ಹೊಸ ಅರ್ಜಿ ಹಾಕಿದರು. ಪಾಲಾಕ್ಷನ ವಕೀಲರು ಎದ್ದು, "ಇವರು ಸೇತುವೆ ಮೇಲೆ ಗಂಡನ ಜೊತೆ ಅರ್ಧ ಗಂಟೆ ನಗ್ತಾ ಮಾತಾಡಿದ್ದಾರೆ ಸ್ವಾಮಿ, ನೋಡಿದವರಿದ್ದಾರೆ. ಅಲ್ಲಿಗೆ ಹಳೇ ಆದೇಶಾನೇ ಬಿದ್ದುಹೋಯ್ತು. ಹೊಸ ಗಾಯ ಏನಾದ್ರೂ ಇದ್ರೆ ತೋರಿಸ್ಲಿ" ಎಂದರು. ನನ್ನನ್ನು ಸಾಕ್ಷಿಗೆ ಕರೆದರು. ಕಟಕಟೆಯಲ್ಲಿ ನಿಂತು ನೋಡಿದರೆ ಎದುರಿನ ಬೆಂಚಿನಲ್ಲಿ ನನ್ನ ಮಗ. ಕ್ಷೌರ ಮಾಡಿಸಿಕೊಂಡು, ನಾನೇ ಹೊಲಿಸಿಕೊಟ್ಟ ಅಂಗಿ ತೊಟ್ಟು ಬಂದಿದ್ದ. ಆ ಅಂಗಿಯ ಕಾಲರು ಸ್ವಲ್ಪ ಹರಿದಿತ್ತು. ನನ್ನ ಕಣ್ಣು ಅಲ್ಲೇ ಹೋಗಿ ಕೂತಿತು. ತಾಯಿಯ ಕಣ್ಣಿಗೆ ಯಾವ ಕೋರ್ಟೂ ಆದೇಶ ಕೊಡಲಾರದು.

ಆದರೂ ಕಂಡದ್ದನ್ನೆಲ್ಲ ಹೇಳಿದೆ. ರೇಡಿಯೋದ ವಿಷಯವನ್ನೂ ಹೇಳಿದೆ. ಜಡ್ಜ್ ಸಾಹೇಬರು ಗಲ್ಲಕ್ಕೆ ಕೈ ಕೊಟ್ಟು ಕೇಳಿ, ಬೇಸರದಿಂದಲೇ ಅಂದರು: "ಟೀಚರಮ್ಮ, ನೀವು ಹೇಳೋದು ನನಗೆ ಅರ್ಥವಾಗುತ್ತೆ. ಆದರೆ ಬೀದಿಗಳಿಗೆ ಗೊತ್ತಿರೋದು ನಂಬರು. ಓಡಾಡೋ ಮನುಷ್ಯರನ್ನ ಅವು ಹೇಗೆ ಗುರುತು ಹಿಡಿದಾವು?"

"ಸ್ವಾಮಿ, ನಂಬರು ಹೇಳಿಕೊಟ್ಟವರು ನಾವೇ ಅಲ್ಲವಾ? ಹೆಸರು ಹೇಳಿಕೊಟ್ಟು ನೋಡಿ. ಹನ್ನೊಂದು ವರ್ಷ ದಿನಕ್ಕೆರಡು ಸಲ ಅವುಗಳ ಮೇಲೆ ಓಡಾಡಿದ್ದಾಳೆ. ನನ್ನ ಕ್ಲಾಸಿನ ದಡ್ಡ ಮಕ್ಕಳೂ ಅಷ್ಟು ಹೊತ್ತಿಗೆ ಮಗ್ಗಿ ಕಲೀತಿದ್ದವು."

ಕೋರ್ಟಿನಲ್ಲಿ ನಗುವೆದ್ದಿತು. ಸಾಹೇಬರೂ ನಕ್ಕರು, ಆದರೆ ಅರ್ಜಿ ವಜಾ ಮಾಡಿದರು. ಫಿಲೋಮಿನಾ ಅದೇ ವಾರ ರೈಲು ಹತ್ತಿ ಮೇಲಿನ ಕೋರ್ಟಿಗೆ ಅಪೀಲು ಹಾಕಿ ಬಂದರು. ಆಮೇಲೆ ಎಂಟು ತಿಂಗಳು ಏನೂ ಸುದ್ದಿಯಿಲ್ಲ. ಇಂದ್ರಾಣಿ ಬೆಳಿಗ್ಗೆ ಕಾಗದ ವಿಂಗಡಿಸುವುದು, ಮಧ್ಯಾಹ್ನ ಅಂಗಳದಲ್ಲಿ ಆ ಗೋಡೆಯಿಂದ ಈ ಗೋಡೆಗೆ ಲೆಕ್ಕವಿಲ್ಲದಷ್ಟು ಸಲ ನಡೆಯುವುದು. ಅಂಗಳದ ನಡುವೆ ಅವಳ ಹೆಜ್ಜೆಯ ಜಾಡು ಬಿದ್ದು ನೆಲ ಮಿರುಗುತ್ತಿತ್ತು.

ಆ ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ನಾನು ಬೀನ್ಸ್ ಸೋಸುತ್ತಿದ್ದೆ. ಚೀಲ ತಂದ ಜಯಣ್ಣ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದ. ಒಳಗೆ ಕಾಗದ ಸರಿಸುವ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಹೋಗಿ ನೋಡಿದರೆ ಇಂದ್ರಾಣಿ ಒಂದು ಉದ್ದನೆಯ ಕಂದು ಲಕೋಟೆಯನ್ನು ಎರಡು ಕೈಯಲ್ಲೂ ಹಿಡಿದು ನಿಂತಿದ್ದಾಳೆ. ರಿಜಿಸ್ಟರ್ ಅಂಚೆ. ಮೇಲಿನ ಕೋರ್ಟಿನ ಅರಗಿನ ಮುದ್ರೆ. ನಮ್ಮೂರ ಕೋರ್ಟಿನ ವಿಳಾಸ. ಮೂಲೆಯಲ್ಲಿ ನಮ್ಮ ಕೇಸಿನ ನಂಬರು.

"ಒಡೆದು ನೋಡೇ" ಎಂದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಹಾಗೆಯೇ ಎಂದೆ.

ಅವಳು ನನ್ನನ್ನು ನೋಡಿದ ನೋಟ, ತಪ್ಪು ಲೆಕ್ಕ ಮಾಡಿದ ಮಗುವನ್ನು ನಾನು ನೋಡುತ್ತಿದ್ದೆನಲ್ಲ, ಅಂಥದ್ದು. "ಬೇರೆಯವರ ಕಾಗದ ಒಡೆಯೋದಾ ಅತ್ತೆ? ಏನು ಹೇಳ್ತಿದ್ದೀರ?"

ಜಯಣ್ಣ ಎದ್ದುಬಂದ. "ಕೊಡವ್ವ, ಇವತ್ತು ಮೊದ್ಲು ಕೋರ್ಟಿಗೇ ಹೋಯ್ತೀನಿ. ಓಡೇ ಹೋಯ್ತೀನಿ."

ಇಂದ್ರಾಣಿ ತಲೆಯಾಡಿಸಿದಳು. ಲಕೋಟೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಬೀರು ತೆರೆದ ಸದ್ದಾಯಿತು. ಹತ್ತು ನಿಮಿಷದಲ್ಲಿ ಖಾಕಿ ಸೀರೆಯುಟ್ಟು, ಸೊಂಟದ ಬೆಲ್ಟಿನ ಬಕಲ್ಲಿಗೆ ಬಟ್ಟೆಯಿಂದ ಹೊಳಪು ಕೊಟ್ಟುಕೊಂಡು ಹೊರಗೆ ಬಂದಳು. ಹದಿನಾಲ್ಕು ತಿಂಗಳಲ್ಲಿ ರವಿಕೆ ಸ್ವಲ್ಪ ಬಿಗಿಯಾಗಿತ್ತು.

"ಇದನ್ನ ನಾನೇ ಕೊಡ್ತೀನಿ ಜಯಣ್ಣ."

"ಇಂದ್ರಾ, ಗೆದ್ದಿದ್ದೀವೋ ಸೋತಿದ್ದೀವೋ ಗೊತ್ತಿಲ್ಲ ಕಣೇ. ಗುರುಬಸಪ್ಪ ಓದೋವರೆಗೂ ಬೀದಿಗಳಿಗೆ ಹೊಸದು ಏನೂ ಗೊತ್ತಿರಲ್ಲ. ಅವ್ನು ದಾರೀಲಿ ಸಿಕ್ಕೇ ಸಿಕ್ತಾನೆ" ಎಂದೆ.

"ಸೋತಿದ್ರೆ ಏನತ್ತೆ, ಸಾಯೋವರೆಗೂ ಅಂಗಳದಲ್ಲೇ ನಡೀತಾ ಇರೋದಾ? ಹಾಗಿದ್ರೆ ಇವತ್ತೊಂದು ದಿನ ನನ್ನ ಕೆಲಸ ನಾನು ಮಾಡಿಬಿಡ್ತೀನಿ." ಚೀಲವನ್ನು ಹೆಗಲಿಗೇರಿಸಿಕೊಂಡಳು. ಬೀನ್ಸ್ ಹಾಗೇ ಬಿಟ್ಟು ನಾನೂ ಚಪ್ಪಲಿ ಮೆಟ್ಟಿಕೊಂಡೆ.

ನಮ್ಮ ಬೀದಿ ದಾಟಿ ಪಾತ್ರೆ ಅಂಗಡಿಗಳ ಸಾಲಿಗೆ ಬರುವಷ್ಟರಲ್ಲಿ ಯಾರೋ ಕೂಗಿದರು, "ಇಂದ್ರಕ್ಕ ಬಂದ್ಲು!" ಸೈಕಲ್ ರಿಪೇರಿಯ ನವಾಬ್ ಸಾಬಿ ಗ್ರೀಸ್ ಕೈಯಲ್ಲೇ ಎದ್ದುಬಂದು, "ಅಮ್ಮಾ, ನನ್ನ ತಮ್ಮನ್ದು ಕಾಗ್ದ ಮೂರು ತಿಂಗ್ಳಿಂದ ಬಂದಿಲ್ಲ, ನಿಮ್ಮ ಚೀಲ್ದಾಗೆ ಏನಾದ್ರೂ ಐತಾ ನೋಡಿ" ಎಂದ. ಇತ್ತು. ಅವತ್ತಷ್ಟೇ ಬಂದದ್ದು. ಅವಳು ಕಟ್ಟು ಬಿಚ್ಚಿ ಕೊಟ್ಟಳು. ಅಷ್ಟೇ. ಆಮೇಲೆ ಬಾಗಿಲು ಬಾಗಿಲಿನಿಂದ ಜನ ಇಳಿದುಬಂದರು. ನಮಗೆ ಕಾವಲು ಕೊಡಬೇಕು ಎಂದು ಬಂದವರಲ್ಲ ಅವರು, ಅವರಿಗೆ ಅವರವರ ಕಾಗದ ಬೇಕಿತ್ತು. "ನನ್ನ ಪಿಂಚಣಿ ಕಾಗದ", "ನನ್ನ ಅಳಿಯನ ಕಾಗದ", "ನನಗೇನೂ ಬರುವುದಿಲ್ಲ ಗೊತ್ತು ಆದರೂ ಒಂದು ಸಲ ನೋಡವ್ವ." ಅವಳು ನಡೆಯುತ್ತಲೇ ಕೊಡುತ್ತಿದ್ದಳು. ಅವರು ಪಕ್ಕದಲ್ಲೇ ನಡೆಯುತ್ತ, ಇಸಿದುಕೊಂಡು, ಒಡೆದು, ಓದು ಬಾರದವರು ಓದು ಬಂದವರ ಕೈಗೆ ಕೊಟ್ಟು, ಯಾರಿಗೋ ಮೊಮ್ಮಗಳು ಹುಟ್ಟಿದ್ದಾಳೆಂದು ಗೊತ್ತಾಗಿ, ಅವರು ಅಲ್ಲೇ ಬೆಲ್ಲದಂಗಡಿಯಿಂದ ಒಂದು ಅಚ್ಚು ಬೆಲ್ಲ ತಂದು ಒಡೆದು ಹಂಚಿ, ಹೀಗೆ ಕಾಲುವೆಯ ಸೇತುವೆಗೆ ಬರುವಾಗ ನಾವು ಐವತ್ತು ಅರವತ್ತು ಜನರಾಗಿದ್ದೆವು. ನನ್ನ ಬಾಯಲ್ಲೂ ಬೆಲ್ಲವಿತ್ತು.

ಸೇತುವೆಯ ನಡುವೆ ಪಾಲಾಕ್ಷ ನಿಂತಿದ್ದ. ಸುದ್ದಿ ಅವನಿಗೂ ಮುಟ್ಟಿತ್ತು. ಜನರ ಸಂದಿಯಲ್ಲಿ ಮೈ ತೂರಿಸಿಕೊಂಡು ಬಂದು ಚೀಲದ ಪಟ್ಟಿಗೆ ಕೈ ಹಾಕಿದ. ಸಿಟ್ಟಿನ ಮುಖವಲ್ಲ. ಆ ಮೆತ್ತಗಿನ ಮುಖ. ನಮ್ಮಿಬ್ಬರಿಗೂ ಅದೇ ಹೆಚ್ಚು ಭಯ.

"ಇಂದ್ರಾ, ಮನೆಗೆ ನಡಿ. ಕೂತು ಮಾತಾಡೋಣ."

ಅವಳ ಮುಖ ಬಿಳಿಚಿತು. ಒಂದು ಕ್ಷಣ ಅವಳು ಹಿಂದೆ ಸರಿಯುತ್ತಾಳೆ ಎಂದುಕೊಂಡೆ. "ಇದು ಅಂಚೆಚೀಲ. ಕೈ ತೆಗೀರಿ" ಎಂದಳು. ಅವನು ನನ್ನ ಕಡೆ ತಿರುಗಿದ.

"ಅಮ್ಮ, ನೀನಾದ್ರೂ ಹೇಳಮ್ಮ. ಬೀದೀಲಿ ಹೀಗೆ ನನ್ನ ಮರ್ಯಾದೆ ಕಳೀತಿದ್ದಾಳೆ."

ಅವನು ಚಿಕ್ಕವನಾಗಿದ್ದಾಗ ಇದೇ ಸೇತುವೆ ದಾಟುವಾಗ ನನ್ನ ಸೆರಗು ಹಿಡಿಯುತ್ತಿದ್ದ, ನೀರು ಕಂಡರೆ ಅಂಜಿಕೆ. ಅದು ನೆನಪಾಯಿತು. ಆದರೂ ಅವನ ಮಣಿಕಟ್ಟು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಪಟ್ಟಿಯಿಂದ ಬಿಡಿಸಿದೆ. "ನಾಲ್ಕು ವರ್ಷ ಹೇಳಬೇಕಾದ್ದನ್ನ ಹೇಳಲಿಲ್ಲ ಕಣಪ್ಪ. ತಪ್ಪು ನಂದೂ ಇದೆ. ಈಗ ಹೇಳ್ತಿದ್ದೀನಿ, ದಾರಿ ಬಿಡು."

ಅವನು ಬಿಡುತ್ತಿದ್ದನೋ ಇಲ್ಲವೋ ತಿಳಿಯದು. ಅಷ್ಟರಲ್ಲಿ ಹಿಂದಿನಿಂದ ಯಾರೋ ಒಬ್ಬ ಅಜ್ಜಿ, "ಏನ್ರಪ್ಪ ಅಲ್ಲಿ, ಮುಂದಕ್ಕೆ ಹೋಗ್ರಿ, ನನ್ನ ಕಾಗ್ದ ಇನ್ನೂ ಸಿಕ್ಕಿಲ್ಲ" ಎಂದು ಕೂಗಿತು. ಗುಂಪು ಮುಂದಕ್ಕೆ ನೂಕಿಕೊಂಡು ಹೋಯಿತು. ಹಳ್ಳದ ನೀರು ಕಲ್ಲನ್ನು ಬದಿಗೆ ಸರಿಸುವಂತೆ ಅವನನ್ನು ಸೇತುವೆಯ ಕಟ್ಟೆಗೆ ಒತ್ತಿ ನಾವು ದಾಟಿಬಿಟ್ಟೆವು. ಅವನೂ ಹಿಂದೆಯೇ ಬಂದ.

ಕೋರ್ಟಿನಲ್ಲಿ ಇಂದ್ರಾಣಿ ಶಿರಸ್ತೇದಾರರ ಮುಂದೆ ಲಕೋಟೆಯಿಟ್ಟು, "ಇಲ್ಲಿ ಸಹಿ ಹಾಕಿ ಸಾರ್, ತಾರೀಖು ಕೂಡ" ಎಂದು ರಸೀದಿ ಪಡೆದುಕೊಂಡಳು. ಎಂದಿನ ಯಾವುದೋ ಕಾಗದ ಕೊಟ್ಟಂತೆ. ಆಮೇಲೆ ವರಾಂಡದ ಕಂಬಕ್ಕೆ ಒರಗಿ ಕುಸಿದು ಕೂತಳು. ಫಿಲೋಮಿನಾ ಕರಿ ಕೋಟಿನ ಒಂದು ತೋಳು ಮಾತ್ರ ಹಾಕಿಕೊಂಡು ಓಡಿಬಂದರು. ಜಡ್ಜ್ ಸಾಹೇಬರು ಕೋಣೆಯ ಬಾಗಿಲು ಹಾಕಿಕೊಂಡು ಓದುತ್ತಿದ್ದರು. ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಎದುರುಗಡೆ, ರಸ್ತೆಯಾಚೆ, ಬೇವಿನ ಮರದ ಕೆಳಗೆ ಪಾಲಾಕ್ಷ ನಿಂತೇ ಇದ್ದ.

ಕೊನೆಗೆ ಬಾಗಿಲು ತೆರೆಯಿತು. ಗುರುಬಸಪ್ಪ ಕೆಂಪು ಪಟ್ಟಿ ಸರಿಮಾಡಿಕೊಂಡು ಮೆಟ್ಟಿಲಿಗೆ ಬಂದ. ಅವನ ಹಿಂದೆ ಸಾಹೇಬರೂ ಬಂದು ನಿಂತರು. ಹಾಗೆ ಅವರು ಹೊರಗೆ ಬಂದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಗುರುಬಸಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡು ಓದಿದ. "ರಕ್ಷಣೆಯನ್ನು ಕೊಟ್ಟಿರುವುದು ಕಟ್ಟಡಕ್ಕಲ್ಲ, ಹೆಂಗಸಿಗೆ. ಆಕೆ ಎಲ್ಲಿಗೆ ಹೋದರೂ ರಕ್ಷಣೆಯೂ ಆಕೆಯೊಡನೆ ಹೋಗತಕ್ಕದ್ದು." ಅವನು ಉಸಿರು ತೆಗೆದುಕೊಂಡ. ನಾವ್ಯಾರೂ ಉಸಿರಾಡಲಿಲ್ಲ. "ಭಯಕ್ಕೆ ಸಾಕಷ್ಟು ಕಾರಣವಿರುವಾಗ ಹೊಸ ಗಾಯವನ್ನು ತೋರಿಸೆಂದು ಕೇಳತಕ್ಕದ್ದಲ್ಲ. ಆಕೆ ಆತನೊಡನೆ ಮಾತನಾಡಿದಳು, ನಕ್ಕಳು ಎಂಬ ಕಾರಣಕ್ಕೆ ಆದೇಶವು ಅಳಿಯುವುದಿಲ್ಲ. ಕೊಟ್ಟ ನ್ಯಾಯಾಲಯವೇ ತೆಗೆಯುವ ತನಕ ಅದು ಇರತಕ್ಕದ್ದು. ಇಂದ್ರಾಣಿ ಎಂಬ ಹೆಸರಿನ ಅರ್ಜಿದಾರಳಿಗೂ, ಇದೇ ಬಗೆಯ ಆದೇಶವಿರುವ ಸಮಸ್ತ ಹೆಂಗಸರಿಗೂ ಈ ತೀರ್ಪು ಅನ್ವಯಿಸತಕ್ಕದ್ದು."

ಓದಿ ಮುಗಿಸಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ರಸ್ತೆಯನ್ನು ನೋಡುತ್ತಿದ್ದೆವು. ಸಾಹೇಬರಂತೂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡುತ್ತಿದ್ದರು. ಹೆಸರು ಕೇಳಿದ ಬೀದಿಗೆ ಅರ್ಥವಾಯಿತೋ ಇಲ್ಲವೋ?

ಇಂದ್ರಾಣಿ ಎದ್ದಳು. ಸೀರೆಯ ನೆರಿಗೆ ಸರಿಮಾಡಿಕೊಂಡು ಮೆಟ್ಟಿಲಿಳಿದು ರಸ್ತೆಗೆ ಕಾಲಿಟ್ಟಳು. ಆಚೆಯಿಂದ ಪಾಲಾಕ್ಷ ಅವಳ ಕಡೆಗೆ ಹೊರಟ. ಅವನು ಎತ್ತಿದ ಹೆಜ್ಜೆಯನ್ನು ನಾನು ಕಂಡೆ. ಆ ಹೆಜ್ಜೆ ನೆಲಕ್ಕಿಳಿಯುವಷ್ಟರಲ್ಲಿ ಅವನು ಅಲ್ಲಿರಲಿಲ್ಲ. ಬೇವಿನ ಮರ, ನೆರಳು, ಮಲಗಿದ್ದ ಒಂದು ನಾಯಿ, ಅಷ್ಟೇ. ನಾಯಿ ತಲೆಯೆತ್ತಿ ನೋಡಿ ಮತ್ತೆ ಮಲಗಿತು.

"ಕಲಿತವು ನೋಡಿ ಸ್ವಾಮಿ" ಎಂದೆ ನಾನು.

ಸಾಹೇಬರು ನನ್ನ ಕಡೆ ತಿರುಗಿ ಎರಡೂ ಕೈ ಮುಗಿದರು. "ನಾನೇ ತಡವಾಗಿ ಕಲಿತೆ ಟೀಚರಮ್ಮ."

ಮರುದಿನ ಶನಿವಾರ ನಮ್ಮೂರು ಹೇಗಿತ್ತು ಎಂದು ಹೇಗೆ ಹೇಳಲಿ! ನಲವತ್ತೊಂದು ಹೆಂಗಸರು ಹೊರಗೆ ಬಂದರು. ಮೊದಲು ಹೊಸ್ತಿಲ ಮೇಲೆ ನಿಂತರು, ಆಮೇಲೆ ಬೀದಿಗೆ ಒಂದು ಕಾಲಿಟ್ಟು ನೋಡಿದರು, ಆಮೇಲೆ ಎರಡೂ ಕಾಲು. ತಾಯವ್ವ ತನ್ನ ಹೂವಿನಂಗಡಿಯ ಮುಂದೆ ನಿಂತು, ಹಲಗೆಯನ್ನೂ ತಕ್ಕಡಿಯನ್ನೂ ಮುಟ್ಟಿ ಮುಟ್ಟಿ ನೋಡಿ, ತಂಗಿಯನ್ನು ಎಬ್ಬಿಸಿ ತಾನು ಕೂತಳು. ದರ್ಜಿಯ ಹೆಂಡತಿ ಒಂದೇ ಒಂದು ನಿಂಬೆಹಣ್ಣು ಕೊಳ್ಳಲು ಹೋದವಳು, ಹನ್ನೆರಡು ಅಂಗಡಿಯಲ್ಲಿ ಚೌಕಾಸಿ ಮಾಡಿ, ಏನೂ ಕೊಳ್ಳದೆ ಬಹಳ ಖುಷಿಯಿಂದ ಮನೆಗೆ ಬಂದಳು. ಆರೇಳು ಜನ ಸೇರಿ ಮ್ಯಾಟಿನಿಗೆ ಹೋದರು. ಚಿತ್ರ ಚೆನ್ನಾಗಿರಲಿಲ್ಲವಂತೆ, ಎರಡು ಸಲ ನೋಡಿದರು. ಬೀದಿಗಳಿಗೂ ಅವತ್ತು ಕೈತುಂಬ ಕೆಲಸ. ಮುಂದೆ ಹೋಗುತ್ತಿದ್ದ ಗಂಡಸೊಬ್ಬ ಫಕ್ಕನೆ ಮಾಯವಾಗುವುದು, ಅವನು ತಳ್ಳುತ್ತಿದ್ದ ಸ್ಕೂಟರನ್ನು ಪಕ್ಕದವರು ಹಿಡಿದುಕೊಳ್ಳುವುದು. ಮಧ್ಯಾಹ್ನದ ಹೊತ್ತಿಗೆ ಕುರಿ ಸಂತೆಯಲ್ಲಿ ಕೈಗೆ ಕೊಡಲು ಹಗ್ಗ ಸಾಲದೆ ವ್ಯಾಪಾರಿಗಳು ಹುಲ್ಲು ಹೊರಿಸತೊಡಗಿದರಂತೆ.

ಸೋಮವಾರ ನಾನೊಬ್ಬಳೇ ಅಲ್ಲಿಗೆ ಹೋದೆ. ತಾಯಿ ಹೋಗಬಾರದು ಎಂದು ಯಾವ ಆದೇಶದಲ್ಲೂ ಬರೆದಿಲ್ಲ. ಪಾಲಾಕ್ಷ ಎರಡು ಟಗರುಗಳನ್ನು ಹಿಡಿದುಕೊಂಡು ಬಂಡೆಯ ಮೇಲೆ ಕೂತಿದ್ದ. ತಂದಿದ್ದ ಚಿತ್ರಾನ್ನದ ಡಬ್ಬಿಯನ್ನು ಪಕ್ಕದಲ್ಲಿಟ್ಟೆ.

"ಊರಿನ ಬೀದಿಗಳನ್ನೆಲ್ಲ ನನ್ನಿಂದ ಕಿತ್ಕೊಂಡ್ಳು ಅವ್ಳು" ಎಂದ.

"ಕಿತ್ಕೊಂಡಿಲ್ಲಪ್ಪ. ಅವಳಿಲ್ಲದ ಬೀದಿಯೆಲ್ಲ ನಿಂಗೆ ಬಿಟ್ಟೇ ಇದೆ. ಹಿಂದೆ ಅವಳಿಗೆ ಅಷ್ಟೂ ಇರಲಿಲ್ಲ."

ಅವನು ಡಬ್ಬಿಯ ಮುಚ್ಚಳ ತೆಗೆದ. ತಪ್ಪಾಯಿತು ಎಂದು ಮಾತ್ರ ಅನ್ನಲಿಲ್ಲ. ಅನ್ನುತ್ತಾನೆ ಎಂದು ಕಾಯುತ್ತ ನಾನು ಸ್ವಲ್ಪ ಹೊತ್ತು ಕೂತಿದ್ದೆ, ಆಮೇಲೆ ಎದ್ದೆ. ಡಬ್ಬಿ ಖಾಲಿ ಮಾಡಿಕೊಟ್ಟ. ವಾರಕ್ಕೊಂದು ಸಲ ಬರುತ್ತೇನೆ ಎಂದು ಹೇಳಿದೆ. ಅಷ್ಟು ಮಾತ್ರ ನನ್ನಿಂದ ಸಾಧ್ಯ, ಅದನ್ನು ಬಿಡುವುದು ಸಾಧ್ಯವಿಲ್ಲ.

ಮನೆಗೆ ಬಂದು ಮಲಗಿ ಎದ್ದೆ. ನಾಲ್ಕು ಗಂಟೆ ಹೊಡೆಯಿತು. ಇಂದ್ರಾಣಿ ಬಂದಿರಲಿಲ್ಲ. ಅವಳ ಹಂಚಿಕೆ ಎರಡಕ್ಕೇ ಮುಗಿಯಬೇಕು. ನಾಲ್ಕೂವರೆಯಾಯಿತು. ಏನೂ ಆಗುವುದಿಲ್ಲ, ಆಗಲಾರದು ಎಂದು ಬುದ್ಧಿ ಹೇಳಿದರೂ ಎದೆ ಕೇಳಲಿಲ್ಲ. ಅದಕ್ಕೆ ಯಾವ ದಫೇದಾರನೂ ಇನ್ನೂ ತೀರ್ಪು ಓದಿರಲಿಲ್ಲ. ಬಾಗಿಲಿಗೆ ಬೀಗ ಹಾಕಿ ಹೊರಟೆ. ನವಾಬ್ ಸಾಬಿಯನ್ನು ಕೇಳಿದರೆ ಹಳೇ ನೀರಿನ ಟ್ಯಾಂಕಿನ ಕಡೆ ಹೋದಳು ಎಂದ. ಅಲ್ಲಿ ಕೇಳಿದರೆ ಮಣ್ಣಿನ ದಿಬ್ಬದ ಕಡೆ ಎಂದರು. ಊರು ಮುಗಿಯುವಲ್ಲಿ, ಗಾಳಿ ಬೀಸುವ ಆ ದಿಬ್ಬದ ಮೇಲೆ, ಅವಳು ಚಪ್ಪಲಿ ಬಿಚ್ಚಿಟ್ಟು ಕಾಲು ಚಾಚಿಕೊಂಡು ಕೂತಿದ್ದಳು. ಮಡಿಲಲ್ಲಿ ಸೀಬೆಹಣ್ಣು. ಪಕ್ಕದಲ್ಲಿ ಖಾಲಿ ಚೀಲ.

ನನ್ನ ಮುಖ ನೋಡಿದ್ದೇ ಅವಳು ಗಾಬರಿಯಾದಳು. "ಯಾಕತ್ತೆ, ಏನಾಯ್ತು?"

"ಏನಾಯ್ತು ಅಂತ ನನ್ನ ಕೇಳ್ತೀಯಲ್ಲೇ! ಕೆಲಸ ಎರಡಕ್ಕ್ ಮುಗೀಲಿಲ್ವಾ?"

"ಮುಗೀತತ್ತೆ." ಅವಳು ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯಂತೆ ನಕ್ಕಳು. "ಆಮೇಲೆ ಸುಮ್ನೆ ನಡೀತಿದ್ದೆ. ಎಲ್ಲಿಗೂ ಅಲ್ಲ. ಈ ಬೀದಿಗೆ ಹೋಗೋಣ ಅನ್ನಿಸ್ತು, ಹೋದೆ. ಆ ಬೀದಿಗೆ ಅನ್ನಿಸ್ತು, ಹೋದೆ. ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ."

ನಾನು ಬೈಯಬೇಕೆಂದು ಬಾಯಿ ತೆರೆದೆ. ಅವಳು ಒಂದು ಸೀಬೆಹಣ್ಣನ್ನು ಸೆರಗಿನಲ್ಲಿ ಒರೆಸಿ ಕೈಗಿಟ್ಟಳು. ಕಚ್ಚಿದೆ. ಒಳಗೆ ಕೆಂಪಗಿತ್ತು, ಬಹಳ ಸಿಹಿಯಾಗಿತ್ತು. ಕೆಳಗೆ ಇಡೀ ಊರು ಕಾಣುತ್ತಿತ್ತು, ಅದರ ಬೀದಿಗಳೆಲ್ಲ ಸಂಜೆಯ ಬಿಸಿಲಿನಲ್ಲಿ ಕಾಣುತ್ತಿದ್ದವು. ಅರವತ್ತಮೂರು ವರ್ಷ ಇದೇ ಊರಿನಲ್ಲಿ ಬದುಕಿದವಳು ನಾನು. ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ, ಸಂತೆಗೆ, ಗಿರಣಿಗೆ. ಎಲ್ಲಿಗೂ ಅಲ್ಲದೆ ಒಂದು ದಿನವೂ ನಡೆದಿರಲಿಲ್ಲ.

ಅವಳು ಚಪ್ಪಲಿ ಮೆಟ್ಟಿಕೊಂಡು ಎದ್ದಳು. "ನಡೀರಿ ಅತ್ತೆ, ಕತ್ತಲಾಗೋದ್ರೊಳಗೆ ಮನೆ ಸೇರೋಣ. ಟ್ಯಾಂಕಿನ ಪಕ್ಕದ ದಾರೀಲಿ ಹೋದ್ರೆ ಹತ್ತೇ ನಿಮಿಷ."

"ಬೇರೆ ಯಾವ ದಾರಿ ಇದೆ?"

"ಇನ್ನೊಂದು ಪೇಟೆ ಸುತ್ತಿ ಹೋಗೋದು. ಮುಕ್ಕಾಲು ಗಂಟೆ ಹಿಡಿಯುತ್ತೆ."

"ಅದ್ರಲ್ಲೇ ಹೋಗೋಣ" ಎಂದೆ. ಇಬ್ಬರೂ ದಿಬ್ಬ ಇಳಿದು ಪೇಟೆಯ ಕಡೆಗೆ ತಿರುಗಿದೆವು.